ಒಂದು ಕೊಡ ನೀರು, ಮೂರು ಮೋಟಾರು



ಹೋದ ವಾರ ನಾನು ಹಾಕಿದ ವಿಡಿಯೋ ನೋಡಿ ನಾಲ್ಕೈದು ಜನ ಫೋನ್ ಮಾಡಿದ್ರು. ರಿಮೋಟು ಹಿಡಿದು ಆಟಿಕೆ ಟ್ರಕ್ ಓಡಿಸ್ತಾ ಇದೀಯಲ್ಲ, ಹೋರಾಟ ಬಿಟ್ಟೆಯಾ ಅಂತ ಒಬ್ಬರು. ಇನ್ನೊಬ್ಬರು ಹಳೇ ಸಂಗಾತಿ, ಜೊತೆಗೆ ಲಾಠಿ ತಿಂದವರು. ಅವರು ನಗ್ತಾ ನಗ್ತಾನೇ, "ಮಾರಾಯ, ಅದಕ್ಕೆ ಚಂದಾ ದುಡ್ಡು ಹಾಕ್ಲಿಲ್ಲ ತಾನೇ?" ಅಂದ್ರು. ನಗ್ತಾ ಕೇಳಿದ್ರೂ ಪ್ರಶ್ನೆ ಪ್ರಶ್ನೆಯೇ. ಆದ್ದರಿಂದ ಉತ್ತರ ಇಲ್ಲೇ ಬರೀತೀನಿ, ಎಲ್ಲರೂ ಓದಲಿ. ಸ್ವಲ್ಪ ಉದ್ದ ಆಗ್ತದೆ. ಮೋಟಾರಿನ ವಿಷಯ ಬೇಡ ಅನ್ನೋರು ನಡುವೆ ಎರಡು ಪ್ಯಾರಾ ಹಾರಿಸಿ ಓದಬಹುದು. ಆದ್ರೆ ಹಾರಿಸಬೇಡಿ ಅಂತಾನೇ ನನ್ನ ಕೋರಿಕೆ.

ಮೊದಲು ದುಡ್ಡಿನ ವಿಷಯ. ಸಂಘಟನೆಯ ಒಂದು ಪೈಸೆ ಇಲ್ಲ. ನನಗೆ ಮೋಟಾರ್ ವೈಂಡಿಂಗ್ ಅಂಗಡಿ ಇದೆ ಅಂತ ನಿಮಗೆಲ್ಲ ಗೊತ್ತು. ಸಿದ್ದಾಪುರ, ಶಿರಸಿ ಕಡೆ ತೋಟದವರ ಪಂಪ್‌ಸೆಟ್ಟು ಬೇಸಿಗೆ ಬಂತು ಅಂದ್ರೆ ಸುಡ್ತಾವೆ. ವೋಲ್ಟೇಜು ಬೀಳ್ತದೆ, ಪಂಪು ಎಳೀಲಿಕ್ಕೆ ಒದ್ದಾಡ್ತದೆ, ವಾರ್ನಿಶ್ ಸುಟ್ಟು ನನ್ನ ಮೇಜಿಗೆ ಬರ್ತದೆ. ಆ ತಾಮ್ರದ ತಂತಿಯಲ್ಲೇ ನನ್ನ ಅನ್ನ. ಟ್ರಕ್ಕಿಗೆ ಖರ್ಚಾದ ಹದಿನೆಂಟು ಸಾವಿರ ಎರಡು ಬೇಸಿಗೆಯ ಉಳಿತಾಯ. ಮನೆಯವಳು ಬೈದಳು, ಆಮೇಲೆ ಯಾಕೆ ಅಂತ ಹೇಳಿದ ಮೇಲೆ ಸುಮ್ಮನಾದಳು. ಯಾಕಂದ್ರೆ ನೀರು ಹೊರೋದು ಅವಳೇ.

ಹೌದು, ಇದು ನೀರಿನ ವಿಷಯ.

ಕೋಲಸಿರ್ಸಿ ಕಡೆಯ ನಮ್ಮ ಕೇರಿ ಗುಡ್ಡದ ಮೇಲಿದೆ. ನಮ್ಮ ಸೀಮೆಯ ಭೂಗೋಳ ಗೊತ್ತಿಲ್ಲದವರಿಗೆ ಹೇಳ್ತೀನಿ. ಇಲ್ಲಿ ಕಣಿವೆಯಲ್ಲಿ ಅಡಿಕೆ ತೋಟ, ತೋಟದ ಅಂಚಿಗೆ ತೋಟದವರ ಮನೆ, ನೀರಿನ ಒರತೆ, ಬಾವಿ. ಗದ್ದೆ ಬಯಲಲ್ಲಿ ಗದ್ದೆಯವರು. ಇದೆಲ್ಲ ಮುಗಿದ ಮೇಲೆ, ಕೆಂಪು ಜಂಬಿಟ್ಟಿಗೆ ಕಲ್ಲಿನ ಬೋಳುಗುಡ್ಡ ಯಾರಿಗೂ ಬೇಡ ಅಂತ ಉಳಿದದ್ದು ಇದ್ಯಲ್ಲ, ಅಲ್ಲಿ ನಾವು. ಬೇರೆ ಸೀಮೆಯಲ್ಲಿ ನಮ್ಮವರನ್ನ ಊರಿನ ಪಡುವಲಕ್ಕೋ ತೆಂಕಲಕ್ಕೋ ಇಟ್ರು ಅಂತಾರೆ. ಮಲೆನಾಡಲ್ಲಿ ಮೇಲಕ್ಕೆ ಇಟ್ರು. ಜಾತಿಯಲ್ಲಿ ಕೆಳಗೆ, ಗುಡ್ಡದಲ್ಲಿ ಮೇಲೆ. ಮಳೆಗಾಲದಲ್ಲಿ ಛಾವಣಿ ಮೇಲೆ ಸುರಿದು ಹೋಗೋ ನೀರು ಜನವರಿ ಕಳೆಯೋದರೊಳಗೆ ಕೆಳಗಿನ ಒಂದೇ ಬಾವಿಗೆ ಇಳಿದಿರ್ತದೆ. ನಾವು ಕೆಳಗಿಳಿದು, ಸೇದಿ, ಮೇಲೆ ಹೊರಬೇಕು.

ನಲ್ಲಿ ಇಲ್ವಾ ಅಂತ ಕೇಳ್ತೀರಿ. ಇದೆ! ಎಲ್ಲಾ ಮನೆ ಮುಂದೂ ಇದೆ. ಜಲಜೀವನ ಮಿಷನ್ ಅಂತ 2019ರ ಆಗಸ್ಟ್ 15ಕ್ಕೆ ಘೋಷಣೆ ಆಯ್ತಲ್ಲ, ನಮ್ಮ ರಾಜ್ಯದಲ್ಲಿ ಮನೆಮನೆಗೆ ಗಂಗೆ ಅಂತ ಹೆಸರು. ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ. ನಮ್ಮ ಕೇರಿಯ ಹದಿನಾಲ್ಕೂ ಮನೆಗೆ ಸಿಮೆಂಟಿನ ಕಂಬ, ಅದಕ್ಕೊಂದು ನಲ್ಲಿ, ನಂಬರ್ ಬರೆದ ಫೋಟೋ ಎಲ್ಲಾ ಆಯ್ತು. ನೀರು ಮಾತ್ರ ಕೆಳಗಿನ ಮನೆಗಳ ತನಕ ಬಂದು ನಿಲ್ತದೆ. ಗುಡ್ಡ ಹತ್ತಲಿಕ್ಕೆ ಒತ್ತಡ ಸಾಲದು. ಮಕ್ಕಳು ನಲ್ಲಿ ತಿರುಗಿಸಿ ಬಾಯಿಟ್ಟು ಊದ್ತಾವೆ, ಪೀ ಅಂತ ಸದ್ದು ಬರ್ತದೆ, ಅದೊಂದು ಆಟ. ಸಂಬಂಧಪಟ್ಟ ಕಚೇರಿಗೆ ಮೂರು ಅರ್ಜಿ ಕೊಟ್ಟಿದೀವಿ. ಯಾವ ಕಚೇರಿ ಅಂತ ಇಲ್ಲಿ ಬರೆಯೋದಿಲ್ಲ, ಕೆಲಸ ಆಗಬೇಕಾದ್ದು ಇನ್ನೂ ಇದೆ. ಅಲ್ಲಿಂದ ಬಾಯಿಮಾತಲ್ಲಿ ಬಂದ ಉತ್ತರ ಮಾತ್ರ ಕೇಳಿ. "ನಿಮ್ಮದು ಬಹಳ ಎತ್ತರ, ತಾಂತ್ರಿಕವಾಗಿ ಕಷ್ಟ, ಕರೆಂಟ್ ಖರ್ಚು ಬಹಳ ಬೀಳ್ತದೆ."

ತಾಂತ್ರಿಕವಾಗಿ ಕಷ್ಟ. ಮೂವತ್ತು ವರ್ಷ ಮೋಟಾರ್ ಸುತ್ತಿದವನ ಮುಂದೆ ಈ ಮಾತು.

ನನ್ನ ಅಕ್ಕನ ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದ್ತಾಳೆ. ನಮ್ಮ ಮನೆತನದಲ್ಲಿ ಸೋಲ್ಡರಿಂಗ್ ಕಡ್ಡಿ ಹಿಡಿದ ಮೊದಲ ಹೆಣ್ಣು. ಅವಳಿಗೆ ಕೊನೇ ವರ್ಷ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಶಿರಸಿಯಲ್ಲಿ ಯಾರದೋ ಮನೆ ಅಂಗಳದಲ್ಲಿ ದೊಡ್ಡ ರಿಮೋಟ್ ಟ್ರಕ್ ಓಡೋದನ್ನ ನೋಡಿ ಬಂದಿದ್ಲು. ಅಮೆರಿಕದ ಕಂಪನಿಯದು, ಟ್ರಾಕ್ಸಾಸ್ ಎಕ್ಸ್-ಮ್ಯಾಕ್ಸ್ ಅಂತ, ಎಂಟು ಕಿಲೋ ಮೇಲೆ ತೂಗ್ತದಂತೆ. ಬೆಲೆ ನಾವು ಮಾತಾಡೋ ಬೆಲೆ ಅಲ್ಲ. ಅದರ ಮೇಲೆ 2020ರಲ್ಲಿ ಆಟಿಕೆ ಆಮದು ಸುಂಕ 20ರಿಂದ 60 ಪರ್ಸೆಂಟಿಗೆ ಏರಿತು, 2023ರಲ್ಲಿ 70 ಆಯ್ತು. "ಮಾವಾ, ಬಿಡಿಭಾಗ ತಂದು ನಾವೇ ಮಾಡಿದ್ರೆ? ಅದು ಒಂದು ಕೊಡ ಹೊತ್ತು ಗುಡ್ಡ ಹತ್ತಬೇಕು" ಅಂದ್ಲು. ಅವಳ ಮಾತಿಗೆ ಅವಳ ಅಜ್ಜಿ, ಅಂದ್ರೆ ನನ್ನ ಅವ್ವ, ಮೂಲೆಯಲ್ಲಿ ಕೂತು ನಕ್ಕಳು. ಅವ್ವನ ಕತ್ತು ಈಗ ಎಡಕ್ಕೆ ತಿರುಗೋದಿಲ್ಲ. ನೀರು, ದರಕು, ಗೊಬ್ಬರದ ಬುಟ್ಟಿ, ಹಸಿ ಅಡಿಕೆ, ಐವತ್ತು ವರ್ಷ ಹೊತ್ತ ಕತ್ತು ಅದು.

ಇನ್ನು ಮೋಟಾರಿನ ಕತೆ. ಹಾರಿಸಬೇಡಿ ಅಂದೆನಲ್ಲ.

ಹಳೇ ಕಾಲದ ಆಟಿಕೆ ಮೋಟಾರಲ್ಲಿ ಕಾರ್ಬನ್ ಬ್ರಷ್ ಇರ್ತದೆ. ನಡುವೆ ತಿರುಗೋ ಸುರುಳಿಗೆ ಬ್ರಷ್ ಉಜ್ಜಿ ಕರೆಂಟ್ ಕೊಡ್ತದೆ. ಉಜ್ಜಿ ಉಜ್ಜಿ ಸವೀತದೆ, ಕಿಡಿ ಹಾರ್ತದೆ. ಬ್ರಷ್‌ಲೆಸ್ ಅಂದ್ರೆ ಅದನ್ನ ತಿರುವುಮುರುವು ಮಾಡಿದ್ದು. ಸುರುಳಿ ಹೊರಗೆ ಅಲ್ಲಾಡದೆ ಕೂತಿರ್ತದೆ, ಅಯಸ್ಕಾಂತ ಒಳಗೆ ತಿರುಗ್ತದೆ. ಮೂರು ತಂತಿ. ಯಾವ ತಂತಿಗೆ ಯಾವ ಗಳಿಗೆಯಲ್ಲಿ ಕರೆಂಟು ಅಂತ ನಿರ್ಧರಿಸಲಿಕ್ಕೆ ಹೊರಗೊಂದು ಕಂಟ್ರೋಲರ್, ಇಎಸ್‌ಸಿ ಅಂತಾರೆ. ಉಜ್ಜೋದು ಏನೂ ಇಲ್ಲ, ಬೇರಿಂಗ್ ಬಿಟ್ಟು ಸವೆಯೋದು ಇಲ್ಲ. ಈಗ ಮನೆಗೆ ಬರೋ ಬಿಎಲ್‌ಡಿಸಿ ಫ್ಯಾನು, ಕರೆಂಟ್ ಸ್ಕೂಟರು, ತೋಟಕ್ಕೆ ಔಷಧಿ ಹೊಡೆಯೋ ಡ್ರೋನು, ಎಲ್ಲಾ ಇದೇ ಜಾತಿ. (ಈ ಜಾತಿ ಬೇರೆ, ಗಾಬರಿ ಬೇಡ.)

ಡಬ್ಬಿ ಮೇಲೆ 3650 ಅಂತ ಬರೆದಿದ್ರೆ ಅಗಲ 36 ಮಿಲಿಮೀಟರ್, ಉದ್ದ 50 ಅಂತ ಅರ್ಥ. 3674 ಅಂದ್ರೆ ಅದೇ ಅಗಲ, ಉದ್ದ 74. ಇನ್ನೊಂದು ಕೆವಿ ಅಂತ ಇರ್ತದೆ. ಕಿಲೋವೋಲ್ಟ್ ಅಲ್ಲ ಅದು. ಭಾರ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋ ಲೆಕ್ಕ. 4300 ಕೆವಿ ಮೋಟಾರಿಗೆ 11.1 ವೋಲ್ಟಿನ ಮೂರು ಸೆಲ್ ಲಿಪೋ ಬ್ಯಾಟರಿ ಹಾಕಿದ್ರೆ ನಿಮಿಷಕ್ಕೆ ನಲವತ್ತೇಳು ಸಾವಿರದಷ್ಟು ಸುತ್ತು. ಓಟದ ಕಾರಿಗೆ ಸರಿ. ನಮಗೆ ಓಟ ಬೇಡ, ಎಳೆತ ಬೇಕು. ಕೆವಿ ಕಮ್ಮಿ ಇದ್ದಷ್ಟೂ ಒಂದು ಆಂಪಿಯರಿಗೆ ಸಿಗೋ ತಿರುಚುಬಲ ಜಾಸ್ತಿ. ಆದ್ರೆ ಇದನ್ನೇ ಹಿಡ್ಕೊಂಡು "ಕೆವಿ ಕಮ್ಮಿ ಅಂದ್ರೆ ಶಕ್ತಿ ಜಾಸ್ತಿ" ಅಂತ ಮಾರೋರ ಮಾತು ನಂಬಬೇಡಿ. ವೈಂಡಿಂಗ್ ಮಾಡೋನಿಗೆ ಗೊತ್ತು, ಅದೇ ಗಾಡಿಯಲ್ಲಿ ತೆಳು ತಂತಿ ಹೆಚ್ಚು ಸುತ್ತು ಹಾಕಿದ್ರೂ, ದಪ್ಪ ತಂತಿ ಕಮ್ಮಿ ಸುತ್ತು ಹಾಕಿದ್ರೂ ಅಷ್ಟೇ ಎಳೆತಕ್ಕೆ ತಾಮ್ರದಲ್ಲಿ ಹುಟ್ಟೋ ಬಿಸಿ ಹತ್ತಿರ ಹತ್ತಿರ ಒಂದೇ. ಬಲ ಬರೋದು ಒಳಗೆ ಎಷ್ಟು ತಾಮ್ರ, ಎಷ್ಟು ಕಬ್ಬಿಣ, ಎಂಥ ಅಯಸ್ಕಾಂತ ಇದೆ ಅನ್ನೋದರಿಂದ. ಹೊರಗಿನ ಸ್ಟಿಕ್ಕರಿನಿಂದ ಅಲ್ಲ.

ನಾವು ಅಗ್ಗದ್ದು ಮೂರು ತರಿಸಿದ್ವಿ. ಮೂರೂ ಸೇರಿ ಏಳು ಸಾವಿರದೊಳಗೆ. ಒಂದು 3650, 4300 ಕೆವಿ, ಕಂಟ್ರೋಲರ್ ಜೊತೆಗೇ ಬರೋದು. ಎರಡನೇದು 3674, 2200 ಕೆವಿ ಅಂತ ಸ್ಟಿಕ್ಕರು. ಮೂರನೇದು 540 ಅಳತೆಯದ್ದು, 21.5 ಸುತ್ತಿನದು, ಒಳಗೆ ಮೂರು ಹಾಲ್ ಸೆನ್ಸರ್ ಇರೋದು. ಹೆಸರು ಬರೆಯೋದಿಲ್ಲ. ಒಂದೊಂದೇ ಪೀಸು ನೋಡಿ ಕಂಪನಿಗೆ ಸರ್ಟಿಫಿಕೇಟ್ ಕೊಡೋದು ನ್ಯಾಯ ಅಲ್ಲ.

ಟ್ರಕ್ಕಿನ ಚೌಕಟ್ಟು ನಮ್ಮ ಅಂಗಡಿ ಹಿಂದಿನ ಗುಜರಿ ಕಬ್ಬಿಣ. ಚಕ್ರದ ಡಿಫರೆನ್ಷಿಯಲ್ ಎರಡು ಮಾತ್ರ ಹೊರಗಿಂದ ತರಿಸಿದ್ದು. ಟೈರು 15 ಸೆಂಟಿಮೀಟರಿನದು. ಕೊಡದ ಭಾರಕ್ಕೆ ಸ್ಪ್ರಿಂಗು ಕುಸೀತದೆ ಅಂತ ಅದನ್ನ ತೆಗೆದು ಗಟ್ಟಿ ಪಟ್ಟಿ ಕೂರಿಸಿದ್ವಿ. ಖಾಲಿ ಟ್ರಕ್ಕು ಏಳು ಕಿಲೋ. ಹದಿನೈದು ಲೀಟರಿನ ಪ್ಲಾಸ್ಟಿಕ್ ಕೊಡ ಇಟ್ಟರೆ ಇಪ್ಪತ್ತೆರಡು. ಹಿಂದೆ ಗಾಡಿ ಕಟ್ಟಿ ಎಳೆಸೋಣ ಅಂದವರೂ ಇದ್ರು. ಏಳು ಕಿಲೋ ಟ್ರಕ್ಕು ಮಣ್ಣಲ್ಲಿ ಹದಿನೆಂಟು ಕಿಲೋ ಎಳೀಲಿಕ್ಕೆ ಹೋದ್ರೆ ಚಕ್ರ ಅಲ್ಲೇ ತಿರುಗ್ತದೆ. ಭಾರ ಚಕ್ರದ ಮೇಲೇ ಕೂರಬೇಕು, ಆಗ ಹಿಡಿತ ಬರ್ತದೆ. ಗೇರು 13ಕ್ಕೆ 1 ಇದ್ದದ್ದನ್ನ, 3ಡಿ ಪ್ರಿಂಟರಿಗೆ ಹಾಕೋ ಹಲ್ಲುಬೆಲ್ಟು ಮತ್ತು 20, 60 ಹಲ್ಲಿನ ಗಾಲಿ ಸೇರಿಸಿ 39ಕ್ಕೆ 1 ಮಾಡಿದ್ಲು ನನ್ನ ಸೊಸೆ. (ಅಕ್ಕನ ಮಗಳನ್ನ ನಾನು ಸೊಸೆ ಅಂತಾನೇ ಕರೆಯೋದು.) ಈ ಒಂದು ಬದಲಾವಣೆ ಯಾವ ಮೋಟಾರಿಗಿಂತಲೂ ದೊಡ್ಡದು. ನಡಿಗೆ ವೇಗದಲ್ಲಿ ಹೋಗೋ ಗಾಡಿಗೆ ಮೊದಲು ಗೇರು ನೋಡಿ, ಆಮೇಲೆ ಮೋಟಾರು.

ದಾರಿಯನ್ನ ಅಳೆದದ್ದು ಗೌಂಡಿ ಕೆಲಸದ ನಮ್ಮ ಹುಡುಗರು, ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು, ಮನೆಗೆ ಮಟ್ಟ ನೋಡ್ತಾರಲ್ಲ ಹಾಗೆ. ಬಾವಿಯಿಂದ ಕೇರಿಯ ಮೊದಲ ಮನೆ ಅಂಗಳಕ್ಕೆ ದಾರಿ 120 ಮೀಟರ್. ಏರು 24 ಮೀಟರ್. ಐದು ಹೆಜ್ಜೆಗೆ ಒಂದು ಹೆಜ್ಜೆ ಮೇಲೆ. ಮೂರು ಅರ್ಜಿ ಕೊಟ್ಟರೂ ಒಬ್ಬ ಅಧಿಕಾರಿ ಬಂದು ಅಳೆಯದ ಎತ್ತರವನ್ನ ಮೂರು ಹುಡುಗರು ಒಂದು ಭಾನುವಾರ ಮಧ್ಯಾಹ್ನದೊಳಗೆ ಅಳೆದು ಮುಗಿಸಿದ್ರು.

ಟ್ರಕ್ಕಿಗೆ ಹಾಕೋ ಮುಂಚೆ ಮೂರನ್ನೂ ಮೇಜಿನ ಮೇಲೆ ಪರೀಕ್ಷೆ ಮಾಡಿದ್ವಿ. ಹ್ಯಾಂಡ್ ಡ್ರಿಲ್ಲಿಗೆ ಮೋಟಾರಿನ ಕಡ್ಡಿ ಸಿಕ್ಕಿಸಿ 2800 ಸುತ್ತಲ್ಲಿ ತಿರುಗಿಸೋದು, ಎರಡು ತಂತಿ ನಡುವೆ ಎಸಿ ವೋಲ್ಟ್ ನೋಡೋದು. ಮೋಟಾರನ್ನ ತಿರುಗಿಸಿದ್ರೆ ಅದು ಜನರೇಟರು, ಅಷ್ಟೇ. ಜೋಗದ ಪವರ್‌ಹೌಸಲ್ಲಿ ತಿರುಗೋದೂ ಇದೇ ಲೆಕ್ಕ, ಅಲ್ಲಿ ಬೀಳೋ ನೀರು ತಿರುಗಿಸ್ತದೆ, ಇಲ್ಲಿ ಡ್ರಿಲ್ಲು. ಮೊದಲನೇದು 0.47 ವೋಲ್ಟ್ ಕೊಡ್ತು. ಅದನ್ನ 1.41ರಿಂದ ಗುಣಿಸಿ ಸುತ್ತಿಗೆ ಭಾಗಿಸಿದ್ರೆ 4200 ಕೆವಿ ಹತ್ತಿರ. ಪ್ರಾಮಾಣಿಕ. ಮೂರನೇದು 1.08 ವೋಲ್ಟ್, ಅಂದ್ರೆ 1800ರ ಆಸುಪಾಸು, 21.5 ಸುತ್ತಿಗೆ ಅದು ಸರಿಯಾದದ್ದೇ. ನಡುವಿನದ್ದು, ದೊಡ್ಡ ಡಬ್ಬಿಯದ್ದು, 0.76 ವೋಲ್ಟ್ ತೋರಿಸ್ತು. ಸ್ಟಿಕ್ಕರಲ್ಲಿ 2200, ಬಂದದ್ದು 2600. ಯಾಕೆ ಅಂತ ನಾಲ್ಕು ಸ್ಕ್ರೂ ಬಿಚ್ಚಿದೆ. ಡಬ್ಬಿ 74 ಮಿಲಿಮೀಟರ್ ಉದ್ದ ಸರಿ, ಒಳಗಿನ ಸ್ಟೇಟರು ಮಾತ್ರ ಬರೀ 32. ಉಳಿದದ್ದು ಗಾಳಿ. ನೋಡಿ ನಗು ಬಂತು. ನಮ್ಮ ಮನೆ ಮುಂದಿನ ನಲ್ಲಿಯ ಅಣ್ಣನೇ ಇದು.

ಮೊದಲ ಮೋಟಾರು ಸಮತಟ್ಟಲ್ಲಿ ಖಾಲಿ ಟ್ರಕ್ ಹೊತ್ತು ಓಡಿದ್ದು ನೋಡಿ ಕೇರಿಯ ಮಕ್ಕಳು ಕೇಕೆ ಹಾಕಿದ್ವು. ಕೊಡ ಇಟ್ಟ ಮೇಲೆ ಶುರುವಾಯ್ತು ಕೆಮ್ಮು. ಇದರಲ್ಲಿ ಸೆನ್ಸರ್ ಇಲ್ಲ. ಅಯಸ್ಕಾಂತ ಎಲ್ಲಿದೆ ಅನ್ನೋದು ಕಂಟ್ರೋಲರಿಗೆ ಗೊತ್ತಾಗೋದು ಅದು ತಿರುಗುವಾಗ ಹುಟ್ಟೋ ವೋಲ್ಟೇಜಿನಿಂದ. ನಿಂತಿರೋ ಮೋಟಾರಲ್ಲಿ ಆ ವೋಲ್ಟೇಜು ಸೊನ್ನೆ. ಹಾಗಾಗಿ ಕತ್ತಲಲ್ಲಿ ತಡಕಾಡಿದ ಹಾಗೆ ಒಮ್ಮೆ ಹೀಗೆ, ಒಮ್ಮೆ ಹಾಗೆ ಒದೀತದೆ. ಖಾಲಿ ಗಾಡಿಯಾದ್ರೆ ಆ ಒದೆತಕ್ಕೇ ಉರುಳಿ ಹೊರಡ್ತದೆ. ಇಪ್ಪತ್ತೆರಡು ಕಿಲೋ, ಏರಿನಲ್ಲಿ, ಗಡಗಡ ನಡುಗಿ ನಿಲ್ತದೆ. ಪ್ರತಿ ಕೆಮ್ಮಿಗೂ ಕರೆಂಟು ಮಿತಿ ತನಕ ಏರ್ತದೆ, ಗಾಡಿ ಕದಲೋದಿಲ್ಲ, ಅಷ್ಟೂ ಬಿಸಿಯಾಗ್ತದೆ. ಮೂವತ್ತು ಮೀಟರ್ ಹೋಗೋದರೊಳಗೆ ಐದು ಸಲ ನಿಂತ್ತು. ಡಬ್ಬಿ ಬಿಸಿ 96 ಡಿಗ್ರಿ. ಆ ವಾಸನೆ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆರಿದ ಮೇಲೆ ಮತ್ತೆ ಡ್ರಿಲ್ಲಿಗೆ ಸಿಕ್ಕಿಸಿದ್ರೆ 0.41 ವೋಲ್ಟ್. ಕೆವಿ 4800ಕ್ಕೆ ಏರಿತ್ತು. ಕೆವಿ ಏರಿತು ಅಂದ್ರೆ ಖುಷಿ ಪಡೋದಲ್ಲ, ಅಯಸ್ಕಾಂತ ಸತ್ತಿತು ಅಂತ ಅರ್ಥ. ಅಗ್ಗದ ನಿಯೋಡಿಮಿಯಂ ಅಯಸ್ಕಾಂತಕ್ಕೆ 80 ಡಿಗ್ರಿ ದಾಟಿದ್ರೆ ಶಕ್ತಿ ಸೋರ್ತದೆ, ಆರಿದ ಮೇಲೆ ಪೂರ್ತಿ ವಾಪಸ್ಸು ಬರೋದಿಲ್ಲ. ಜಾಸ್ತಿ ಬಿಸಿ ತಡೆಯೋ ದರ್ಜೆಯವೂ ಇವೆ, ಅವಕ್ಕೆ ಬೆಲೆ ಜಾಸ್ತಿ.

ಎರಡನೇದು ಇಷ್ಟು ಹೇಳಿದ್ರೆ ಸಾಕು: ಕೊಡ ಅರ್ಧ ತುಂಬಿದ್ರೆ ಹತ್ತಿತು, ಪೂರ್ತಿ ತುಂಬಿದ್ರೆ ಮುಕ್ಕಾಲು ದಾರಿಗೆ 88 ಡಿಗ್ರಿ. ನಿಲ್ಲಿಸಿದ್ವಿ.

ಮೂರನೇದಕ್ಕೆ ಹಾಬಿವಿಂಗ್‌ನ ಕ್ವಿಕ್‌ರನ್ ಅನ್ನೋ ಸೆನ್ಸರ್ ಕಂಟ್ರೋಲರು, ಒಬ್ಬರು ಬಳಸಿದ್ದನ್ನ ಅರ್ಧ ಬೆಲೆಗೆ ಕೊಟ್ಟರು. ಮೋಟಾರಿನ ಮೂರು ದಪ್ಪ ತಂತಿ ಜೊತೆ ಆರು ಸಣ್ಣ ತಂತಿಯ ಒಂದು ಕೇಬಲ್. ಅಯಸ್ಕಾಂತ ನಿಂತಲ್ಲೇ ಎಲ್ಲಿದೆ ಅಂತ ಆ ಸೆನ್ಸರು ಹೇಳ್ತದೆ. ಬೆರಳಲ್ಲಿ ಟ್ರಿಗರು ಒಂದು ಕೂದಲೆಳೆ ಒತ್ತಿದ್ರೆ ಟ್ರಕ್ಕು ಸದ್ದಿಲ್ಲದೆ ಎದ್ದು ಹೊರಡ್ತು. ಏರಿನ ನಟ್ಟನಡುವೆ ಬೇಕಂತಲೇ ನಿಲ್ಲಿಸಿದ್ವಿ. ನಿಧಾನಕ್ಕೆ ಹಿಂದೆ ಜಾರ್ತದೆ, ಓಡಿ ಹೋಗೋದಿಲ್ಲ. ಮತ್ತೆ ಒತ್ತಿದ್ರೆ ಮತ್ತೆ ಹೊರಡ್ತು. ಎರಡು ನಿಮಿಷಕ್ಕೆ ಮೇಲೆ. ಒಂದು ಹನಿ ತುಳುಕಿದ್ದು ಬಿಟ್ರೆ ಕೊಡ ಪೂರ್ತಿ. ಮೂರು ಸಲ ಹತ್ತಿಸಿದ ಮೇಲೆ ಬಿಸಿ 71 ಡಿಗ್ರಿ. ಮೂರರಲ್ಲಿ ಎಲ್ಲಕ್ಕಿಂತ ಸಣ್ಣ ಜಾಹೀರಾತಿನ ಮೋಟಾರು ಇದೇ.

ಅವ್ವ ಮೇಲಿನ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡ್ತಿದ್ಲು. ಕೊಡ ತನ್ನಷ್ಟಕ್ಕೆ ತಾನೇ ಗುಡ್ಡ ಹತ್ತಿ ಬಂದು ಅವಳ ಮುಂದೆ ನಿಂತಿತು. ಮುಟ್ಟಿ ನೋಡಿದಳು. "ಇದರ ಕತ್ತು ನೋಯೋದಿಲ್ವಾ?" ಅಂದಳು. ತಮಾಷೆಗೆ ಅಂದದ್ದಲ್ಲ. ನನ್ನ ಸೊಸೆ ಥರ್ಮಾಮೀಟರ್ ಹಿಡಿದು ಮೋಟಾರಿನ ಬಿಸಿ ಓದಿ ಹೇಳಿದ್ಲು. "ಸ್ವಲ್ಪ ಸುಸ್ತಾಗಿದೆ ಅಜ್ಜಿ, ಹತ್ತು ನಿಮಿಷ ಬಿಡಬೇಕು." ಅವ್ವನಿಗೆ ಯಾರೂ ಹತ್ತು ನಿಮಿಷ ಬಿಟ್ಟದ್ದಿಲ್ಲ.

ಕೆಳಗಿನ ತೋಟದವರೊಬ್ಬರು ಬೇಲಿ ಆಚೆ ನಿಂತು ನೋಡಿದ್ರು. ಒಳ್ಳೆಯ ಮನುಷ್ಯರೇ, ಬಾವಿಗೆ ಹೋಗೋ ದಾರಿಗೆ ಅಡ್ಡಿ ಮಾಡಿದವರಲ್ಲ. "ನಿಮಗೆ ಇದೆಲ್ಲ ಯಾರು ಹೇಳಿಕೊಟ್ರು?" ಅಂತ ಕೇಳಿದ್ರು. ಅವರ ಪಂಪು ಹತ್ತು ವರ್ಷದಲ್ಲಿ ನಾಲ್ಕು ಸಲ ಸುತ್ತಿಕೊಟ್ಟವನು ನಾನೇ. ನನ್ನ ಕೈ ಗೊತ್ತು, ತಲೆ ಗೊತ್ತಿಲ್ಲ. ಉತ್ತರ ನನ್ನ ಸೊಸೆ ಕೊಟ್ಲು, "ಪುಸ್ತಕ ಇದ್ಯಲ್ಲ ಅಯ್ಯಾ." ಸಾಕು, ಅದಕ್ಕಿಂತ ಒಳ್ಳೇ ಉತ್ತರ ನನಗೂ ಬರ್ತಿರಲಿಲ್ಲ.

ಆಟಿಕೆ ಅಂದವರಿಗೆ ಒಂದು ಮಾತು. ನಾವು ಸಣ್ಣವರಿದ್ದಾಗ ನಮ್ಮ ಗಾಡಿ ಅಂದ್ರೆ ಅಡಿಕೆ ಹಾಳೆ. ತೋಟದಲ್ಲಿ ಬಿದ್ದ ಹಾಳೆ ಮೇಲೆ ಒಬ್ಬ ಕೂರೋದು, ಸೋಗೆ ಹಿಡಿದು ಇನ್ನೊಬ್ಬ ಎಳೆಯೋದು. ಹವಾಯಿ ಚಪ್ಪಲಿ ಕತ್ತರಿಸಿ ಚಕ್ರ ಮಾಡೋದು. ಆಟಿಕೆ ಕೊಂಡು ತಂದ ನೆನಪು ನನಗೆ ಒಂದೂ ಇಲ್ಲ. ನಮ್ಮ ಮಕ್ಕಳ ಕೈಗೆ ಆಟಿಕೆ ಬಂದ್ರೆ ಹೋರಾಟಕ್ಕೆ ಮೋಸ ಆಗ್ತದೆ ಅನ್ನೋ ಲೆಕ್ಕ ನನಗಂತೂ ಅರ್ಥ ಆಗೋದಿಲ್ಲ. 1986ರಲ್ಲಿ ಇಲ್ಲೇ ಪಕ್ಕದ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೀಲಿಕ್ಕೆ ಹೋಗಿ ನಮ್ಮ ಹಿರಿಯರು ಪೆಟ್ಟು ತಿಂದರಲ್ಲ, ಅದು ನಮ್ಮ ಹೆಣ್ಣುಮಕ್ಕಳ ಮಾನಕ್ಕಾಗಿ. ಅದೇ ಹೆಣ್ಣುಮಕ್ಕಳ ಮೊಮ್ಮಕ್ಕಳು ಸರ್ಕ್ಯೂಟ್ ಓದೋದು ಆ ಹೋರಾಟದ ಹೊರಗಿನ ಸಂಗತಿ ಅಂತ ನಾನು ಒಪ್ಪೋದಿಲ್ಲ.

ಯಂತ್ರದ ಬಗ್ಗೆ ನಮ್ಮಲ್ಲೇ ಒಂದು ಅನುಮಾನ ಇದೆ. ಯಂತ್ರ ಬಂದ್ರೆ ಕೂಲಿ ಹೋಗ್ತದೆ ಅಂತ. ಅದು ಸುಳ್ಳಲ್ಲ. ತೋಟಕ್ಕೆ ಮೋಟಾರ್ ಗಾಡಿ ಬಂದ ಮೇಲೆ ಗೊಬ್ಬರ ಹೊರೋ ಕೆಲಸ ಕಮ್ಮಿ ಆಯ್ತು, ಕೂಲಿಯೂ ಕಮ್ಮಿ ಆಯ್ತು. ಬಾಬಾಸಾಹೇಬರು ಇದಕ್ಕೆ 1945ರಲ್ಲೇ ಉತ್ತರ ಬರೆದಿದಾರೆ, ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಏನು ಮಾಡಿದ್ರು ಅಂತ ಕೇಳೋ ಪುಸ್ತಕದಲ್ಲಿ. ಅವರ ವಾದ ನನ್ನ ಮಾತಲ್ಲಿ ಹೇಳೋದಾದ್ರೆ, ಮನುಷ್ಯ ಪಶುವಿನ ಹಾಗೆ ದುಡಿಯೋದು ತಪ್ಪಬೇಕಾದ್ರೆ ಬಿಡುವು ಬೇಕು, ಬಿಡುವು ಕೊಡೋದು ಯಂತ್ರ. ಯಂತ್ರದ ಲಾಭ ಎಲ್ಲರಿಗೂ ಸಿಗದೇ ಹೋದ್ರೆ ಬದಲಾಯಿಸಬೇಕಾದ್ದು ಸಮಾಜದ ಕಟ್ಟುಪಾಡು, ಯಂತ್ರವನ್ನ ಬೈದು ಪ್ರಯೋಜನ ಇಲ್ಲ. ಅದನ್ನ ಬರೆಯುವಾಗ ಅವರು ವೈಸರಾಯ್ ಕೌನ್ಸಿಲ್ಲಿನಲ್ಲಿ ಕಾರ್ಮಿಕ ಖಾತೆ ನೋಡ್ತಿದ್ರು, ನೀರಾವರಿ ಮತ್ತು ವಿದ್ಯುತ್ತಿನ ಯೋಜನೆಗಳೂ ಅವರ ಕೈಯಲ್ಲೇ ಇದ್ದವು. ಮಹಾಡಿನ ಕೆರೆ ನೀರು ಮುಟ್ಟಿದ 1927ರ ಮಾರ್ಚ್ 20 ನಮಗೆಲ್ಲ ಬಾಯಿಪಾಠ. ದಾಮೋದರ ಕಣಿವೆ ಯೋಜನೆಗೆ ಕೂತು ಕಡತ ಓದಿದ ಬಾಬಾಸಾಹೇಬರನ್ನ ನಾವು ಯಾಕೋ ಭಾಷಣದಲ್ಲಿ ಕಮ್ಮಿ ನೆನೀತೀವಿ.

ಸರಿ, ಟ್ರಕ್ಕಿನಿಂದ ನಮಗೆ ಸಿಕ್ಕಿದ್ದೇನು? ನೀರು ಹೊರೋ ಯಂತ್ರ ಸಿಕ್ಕಿತು ಅಂತ ಯಾರೂ ತಿಳ್ಕೋಬೇಡಿ. ಕೊಡಕ್ಕೆ ಎರಡು ನಿಮಿಷ, ಇಳೀಲಿಕ್ಕೆ ಎರಡು ನಿಮಿಷ, ಮಳೆಗಾಲದ ಕೆಸರಲ್ಲಿ ಚಕ್ರ ನಿಲ್ಲೋದೂ ಇಲ್ಲ. ಸಿಕ್ಕಿದ್ದು ಲೆಕ್ಕ. ಪರೀಕ್ಷೆಗೆ ಅಂತ ಬ್ಯಾಟರಿಗೆ ಒಂದು ವಾಟ್ ಮೀಟರ್ ಕಟ್ಟಿದ್ವಿ. ಅದನ್ನ ಓದ್ತಾ ಓದ್ತಾ ನನ್ನ ಸೊಸೆ ಕಾಗದದ ಮೇಲೆ ಬರೆದದ್ದನ್ನ ಹಾಗೇ ಇಲ್ಲಿ ಹೇಳ್ತೀನಿ.

ಹದಿನೈದು ಲೀಟರ್ ನೀರನ್ನ 24 ಮೀಟರ್ ಎತ್ತಲಿಕ್ಕೆ ಬೇಕಾದ ಶಕ್ತಿ ಸುಮಾರು ಒಂದು ವಾಟ್-ಅವರ್. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದ್ರೆ ಸಾವಿರ ವಾಟ್-ಅವರ್. ಅಂದ್ರೆ ಒಂದು ಯೂನಿಟ್ಟಿನಲ್ಲಿ ಒಂದು ಸಾವಿರ ಕೊಡದಷ್ಟು ಶಕ್ತಿ ಇದೆ. ಅವ್ವ ಸಾವಿರ ಕೊಡ ಹೊರಲಿಕ್ಕೆ ಎಷ್ಟು ದಿನ ಬೇಕಾಗ್ತಿತ್ತು ಅಂತ ನೀವೇ ಎಣಿಸಿ. ಒಂದು ಮನೆಯಲ್ಲಿ ಐದು ಜನ, ಸರ್ಕಾರವೇ ಹೇಳಿದ 55 ಲೀಟರಿನಂತೆ 275 ಲೀಟರ್, ಅಂದ್ರೆ ಹದಿನೆಂಟು ಕೊಡ. ತಲೆ ಮೇಲೊಂದು, ಸೊಂಟದಲ್ಲೊಂದು ಹೊತ್ತರೂ ಒಂಬತ್ತು ಸಲ ಹತ್ತಬೇಕು. ಒಂಬತ್ತು ಇಪ್ಪತ್ನಾಲ್ಕಲೆ 216 ಮೀಟರ್. ಜೋಗದ ಎತ್ತರ 253. ಸರ್ಕಾರ ಹೇಳಿದಷ್ಟು ನೀರು ಒಂದು ಮನೆಗೆ ಬೇಕು ಅಂದ್ರೆ ಆ ಮನೆಯ ಹೆಂಗಸು ದಿನಾ ಮೂವತ್ತು ಕಿಲೋ ಹೊತ್ತು ಹತ್ತಿರ ಹತ್ತಿರ ಒಂದು ಜೋಗ ಹತ್ತಬೇಕು. ಯಾರೂ ಹತ್ತೋದಿಲ್ಲ, ಆಗೋದಿಲ್ಲ. ಆದ್ದರಿಂದ ನಮ್ಮ ಮನೆಗಳಲ್ಲಿ ಅಷ್ಟು ನೀರು ಖರ್ಚಾಗೋದೂ ಇಲ್ಲ. ಸ್ನಾನಕ್ಕೆ ಲೆಕ್ಕ, ಬಟ್ಟೆಗೆ ಲೆಕ್ಕ. ಆಮೇಲೆ ನಮ್ಮನ್ನ ನೋಡಿ ಗಲೀಜು ಅನ್ನೋರು ಬೇರೆ.

ಅದೇ ಜೋಗದಲ್ಲಿ ಬೀಳೋ ನೀರಿಗೆ 1948ರಲ್ಲೇ ಪವರ್‌ಹೌಸ್ ಆಯ್ತು. 1964ಕ್ಕೆ ಲಿಂಗನಮಕ್ಕಿ. ಶರಾವತಿಯ ಕರೆಂಟು ಬೆಂಗಳೂರಿನ ಕಾರ್ಖಾನೆ ತಿರುಗಿಸ್ತು. ನಮ್ಮ ತಾಲೂಕಿನ ಅಂಚಿನಲ್ಲೇ ನೀರು ಬಿದ್ದು ಕರೆಂಟಾಗಿ ಹೋಗುವಾಗ ನಮ್ಮ ಕೇರಿಗೆ ಎಷ್ಟೋ ವರ್ಷ ಕಳೆದು ಸಿಕ್ಕಿದ್ದು ಭಾಗ್ಯಜ್ಯೋತಿಯ ಒಂದು ಬಲ್ಬು. ಈಗ ಮನೆಗೆ 200 ಯೂನಿಟ್ ತನಕ ಉಚಿತ ಅಂತಾರೆ, ಒಳ್ಳೇದೇ. ಹಾಗಾದ್ರೆ ಈ ಲೆಕ್ಕವನ್ನೂ ನೋಡಿ. ಹದಿನಾಲ್ಕು ಮನೆ, ದಿನಕ್ಕೆ 3850 ಲೀಟರ್. 24 ಮೀಟರ್ ಎತ್ತಲಿಕ್ಕೆ ಬರೀ 252 ವಾಟ್-ಅವರ್. ಸಣ್ಣ ಪಂಪು ಮೂರರಲ್ಲಿ ಎರಡು ಪಾಲು ಶಕ್ತಿ ಹಾಳು ಮಾಡ್ತದೆ ಅಂತಾನೇ ಹಿಡಿಯಿರಿ, ಟ್ಯಾಂಕಿನ ಎತ್ತರ, ಪೈಪಿನ ಉಜ್ಜಾಟ ಎಲ್ಲಾ ಸೇರಿಸಿ. ಒಂದೂಕಾಲು ಯೂನಿಟ್ ದಾಟೋದಿಲ್ಲ. ಅರ್ಧ ಎಚ್‌ಪಿಯ ಪಂಪು ದಿನಕ್ಕೆ ಎರಡು ತಾಸು ಓಡಿದ್ರೆ ಇಡೀ ಕೇರಿಗೆ ಸರ್ಕಾರ ಹೇಳಿದಷ್ಟು ನೀರು. ಪಂಪಿನ ಬೆಲೆ ಐದಾರು ಸಾವಿರ. ಮೇಲೊಂದು ಟ್ಯಾಂಕು, ನಡುವೆ 120 ಮೀಟರ್ ಪೈಪು. ನಲ್ಲಿ, ಕಂಬ, ಫೋಟೋ ಹೇಗೂ ಇವೆ.

ಇದಕ್ಕೆ "ಕರೆಂಟ್ ಖರ್ಚು ಬಹಳ" ಅಂದ್ರಲ್ಲ, ಆ ಮಾತು ಹೇಳುವಾಗ ಯಾರೂ ಒಂದು ಕ್ಯಾಲ್ಕ್ಯುಲೇಟರ್ ಒತ್ತಿರಲಿಲ್ಲ. ನಮ್ಮ ಕೇರಿಗೆ ಲೆಕ್ಕ ಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಹೊರಲಿಕ್ಕೆ ಜನ ಇದಾರಲ್ಲ.

ನೀವೇ ಚಂದಾ ಎತ್ತಿ ಪಂಪ್ ಹಾಕ್ಕೊಳ್ಳಿ, ಹದಿನೆಂಟು ಸಾವಿರದ ಟ್ರಕ್ ಮಾಡೋ ಬದಲು ಅದೇ ಆಗ್ತಿತ್ತಲ್ಲ ಅಂತ ಒಬ್ಬರು ಹೇಳಿದ್ರು. ಪಂಪು ಹಾಕಬಹುದು. ಬಾವಿಗೆ ಕರೆಂಟ್ ಕನೆಕ್ಷನ್ನು, ಪೈಪು ಹಾದು ಹೋಗೋ ಜಾಗದ ಒಪ್ಪಿಗೆ, ಇವು ಯಾರದು? ನಾಳೆ ಸುಟ್ಟರೆ, ಕದ್ದರೆ ಯಾರ ಹೊಣೆ? ಬೇರೆ ಕೇರಿಗಳಿಗೆ ಸಾರ್ವಜನಿಕ ದುಡ್ಡಲ್ಲಿ ಬಂದ ನೀರು ನಮ್ಮ ಕೇರಿಗೆ ಮಾತ್ರ ನಮ್ಮ ದುಡ್ಡಲ್ಲಿ ಯಾಕೆ ಬರಬೇಕು? ಟ್ರಕ್ಕು ಹುಡುಗಿಯ ಓದಿಗೆ. ನೀರು ನಮ್ಮ ಹಕ್ಕಿಗೆ. ಎರಡರ ಖಾತೆಯೂ ಬೇರೆ ಬೇರೆ.

ಮೋಟಾರ್ ಕೊಳ್ಳೋರಿಗೆ ಕೊನೇ ಮಾತು, ಯಾಕಂದ್ರೆ ಇಬ್ಬರು ಯಲ್ಲಾಪುರದ ಹುಡುಗರು ಅದನ್ನೇ ಕೇಳಿದಾರೆ. ಭಾರದ ಗಾಡಿಗೆ ಸೆನ್ಸರ್ ಇರೋದನ್ನೇ ತಗೊಳ್ಳಿ. ಡಬ್ಬಿ ಉದ್ದ ನೋಡಿ ಮರುಳಾಗಬೇಡಿ, ತೂಕ ಹಾಕಿ ನೋಡಿ, ಗಾಳಿಗೆ ತೂಕ ಇರೋದಿಲ್ಲ. ಕೈಯಿಟ್ಟರೆ ತಡೆಯಲಾಗದಷ್ಟು ಬಿಸಿಯಾದ್ರೆ ನಿಲ್ಲಿಸಿ. ಲಿಪೋ ಬ್ಯಾಟರಿಯನ್ನ ಸೆಲ್ಲಿಗೆ 3.3 ವೋಲ್ಟಿಗಿಂತ ಕೆಳಗೆ ಇಳಿಸಬೇಡಿ, ಉಬ್ಬಿದ ಬ್ಯಾಟರಿ ಮನೆಯೊಳಗೆ ಇಡಬೇಡಿ. ಸತ್ತ 3650ಯ ತಾಮ್ರ ಬಿಚ್ಚಿ ನಾನೇ ಹೊಸದಾಗಿ ಸುತ್ತುತಾ ಇದೀನಿ, ಅಯಸ್ಕಾಂತ ಹುಡುಕಬೇಕು.

ನಾಲ್ಕನೇ ಅರ್ಜಿ ಸಿದ್ಧ ಇದೆ. ಎರಡು ಪುಟ. ಒಂದರಲ್ಲಿ ಬೇಡಿಕೆ, ಇನ್ನೊಂದರಲ್ಲಿ ನನ್ನ ಸೊಸೆಯ ಲೆಕ್ಕ, ಅವಳದೇ ಸಹಿ. ಬರೋ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಸಿದ್ದಾಪುರ ಬಸ್‌ಸ್ಟ್ಯಾಂಡಲ್ಲಿ ಸೇರ್ತೀವಿ, ಅಲ್ಲಿಂದ ನಡೆದು ಹೋಗೋದು. ಕೇರಿಯ ಹದಿನಾಲ್ಕು ಮನೆಯಿಂದಲೂ ಒಬ್ಬೊಬ್ಬ ಹೆಂಗಸು ಬರ್ತಾಳೆ, ಖಾಲಿ ಕೊಡ ಹಿಡ್ಕೊಂಡು. ಅವ್ವನೂ ಬರ್ತೀನಿ ಅಂತಿದಾಳೆ. ಶಿರಸಿ ಕಡೆಯಿಂದ ಬರೋರು ಮೊದಲೇ ತಿಳಿಸಿ, ಮಧ್ಯಾಹ್ನದ ಊಟಕ್ಕೆ ಅಕ್ಕಿ ಅಳೀಬೇಕು. ಟ್ರಕ್ಕನ್ನೂ ತರ್ತೀವಿ. ಆ ಕಚೇರಿಗೆ ಹನ್ನೊಂದು ಮೆಟ್ಟಿಲಿದೆ, ಮೆಟ್ಟಿಲು ಇದಕ್ಕೆ ಹತ್ತೋದಿಲ್ಲ, ಪಕ್ಕದಲ್ಲಿ ಗಾಲಿಕುರ್ಚಿಯ ಇಳಿಜಾರು ಇದೆ ಅಂತ ನೋಡಿ ಬಂದಿದೀವಿ. ಬ್ಯಾಟರಿ ಈಗ 3.8 ವೋಲ್ಟಿಗೆ ಇಟ್ಟಿದೆ, ಭಾನುವಾರ ರಾತ್ರಿ ಪೂರ್ತಿ ಚಾರ್ಜ್ ಮಾಡ್ತಾಳೆ.

ಜೈಭೀಮ್.